ಕಾರ್ಡಿಗೆ ಸಿಕ್ಕಿದ ದುರಂತಗಳು, ಸಿಗದೇ ಹೋದ ದುರಂತಗಳು

1910ರ ಜನವರೀಲಿ ಸೀನ್ ನದಿ ಪ್ಯಾರಿಸ್ ಒಳಗೆ ನುಗ್ಗಿತ್ತಲ್ಲ, ಆ ಪ್ರವಾಹದ ಪೋಸ್ಟ್‌ಕಾರ್ಡು ಬೇಕು ಅಂತ ಇವತ್ತು ಆನ್‌ಲೈನಲ್ಲಿ ಹುಡುಕಿದ್ರೆ ನೂರಾರು ಕಣ್ಣಿಗೆ ಬೀಳ್ತವೆ, ಒಂದೊಂದು ಬೀದಿಗೆ ಒಂದೊಂದು, ಒಂದೊಂದು ಸೇತುವೆಗೆ ನಾಲ್ಕಾರು, ದಿನ ದಿನದ ನೀರಿನ ಮಟ್ಟಕ್ಕೂ ಬೇರೆ ಬೇರೆ. ಆ ಪ್ರವಾಹದಲ್ಲಿ ನಗರದೊಳಗೆ ಸತ್ತೋರು ತೀರಾ ಕಮ್ಮಿ ಜನ. ಅದೇ 1920ರ ಡಿಸೆಂಬರ್ 16ಕ್ಕೆ ಚೀನಾದ ಹೈಯುವಾನ್‌ನಲ್ಲಿ ಆದ ಭೂಕಂಪ ತಗೊಳ್ಳಿ, 2 ಲಕ್ಷಕ್ಕೂ ಹೆಚ್ಚು ಜನ ಹೋದ್ರು, ಗುಡ್ಡಗಳೇ ಜಾರಿ ಬಂದು ಊರೂರೇ ಮುಚ್ಚಿಹೋದ್ವು, ಅದರ ಒಂದೇ ಒಂದು ಕಾರ್ಡನ್ನ ನಾನು ಇವತ್ತಿನವರೆಗೂ ಕೈಯಲ್ಲಿ ಹಿಡಿದಿಲ್ಲ.

ಹಳೇ ದುರಂತಗಳ ಪೋಸ್ಟ್‌ಕಾರ್ಡು ಸಂಗ್ರಹ ಮಾಡೋದು ಶುರು ಮಾಡಿದ ಮೇಲೆ ನನ್ನ ತಲೇಲಿ ಕೂತ್ಕೊಂಡಿರೋ ವಿಷಯ ಇದೇ. ಆಲ್ಬಮ್ಮಲ್ಲಿ ಯಾವುದು ದಪ್ಪಗಿದೆ, ಯಾವುದು ತೆಳ್ಳಗಿದೆ ಅನ್ನೋದಕ್ಕೂ ದುಃಖ ಎಷ್ಟು ದೊಡ್ಡದು ಅನ್ನೋದಕ್ಕೂ ಸಂಬಂಧಾನೇ ಇಲ್ಲ. ಅಲ್ಲಿ ಆಗ ಕ್ಯಾಮೆರಾ ಎಷ್ಟಿದ್ವು, ಪ್ರಿಂಟಿಂಗ್ ಪ್ರೆಸ್ ಎಷ್ಟಿದ್ವು, ಕಾರ್ಡು ಕೊಂಡು ಅಂಚೆಗೆ ಹಾಕೋ ಅಭ್ಯಾಸ ಜನಕ್ಕೆ ಎಷ್ಟಿತ್ತು, ಅಷ್ಟೇ ಅದು ಹೇಳೋದು. ಹಂಗಾಗಿ ಈ ಕಾರ್ಡುಗಳನ್ನ ನೋಡೋದ್ರ ಜೊತೆಗೆ ಓದ್ಬೇಕು ಅಂತ ನಾನು ಗಟ್ಟಿಯಾಗಿ ನಂಬಿರೋನು. ಯಾರು ತೆಗೆದ್ರು, ಯಾರಿಗೆ ಮಾರಿದ್ರು, ಏನು ಬಿಟ್ಟುಬಿಟ್ರು, ಇದು ಮೂರೂ ಗೊತ್ತಾಗೋ ಹೊತ್ತಿಗೆ ಆ ಕಾರ್ಡು ಬೇರೇನೇ ಆಗಿರುತ್ತೆ.

ಆ ಕಾಲದ ಹುಚ್ಚು ಎಂಥದ್ದು ಅಂತ ಅಂದಾಜಿಗೆ ಒಂದು ಲೆಕ್ಕ ಹೇಳ್ತೀನಿ. 1908ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಅಮೆರಿಕದ ಅಂಚೇಲಿ ಹೋದ ಪೋಸ್ಟ್‌ಕಾರ್ಡು 67 ಕೋಟಿಗೂ ಜಾಸ್ತಿ, ಆಗ ಆ ದೇಶದ ಜನಸಂಖ್ಯೆ 9 ಕೋಟೀನೂ ಇರ್ಲಿಲ್ಲ. ಫೋನು ಎಲ್ಲರ ಮನೇಲಿ ಇಲ್ಲ, ಪೇಪರಲ್ಲಿ ಫೋಟೋ ಬಂದ್ರೂ ಮಸಿ ಮಸಿಯಾಗಿ ಬರೋದು, ಹಂಗಾಗಿ ಒಂದು ಊರು ಬಿದ್ದುಹೋಯ್ತು ಅಂದ್ರೆ ಅದನ್ನ ಕಣ್ಣಾರೆ ನೋಡ್ದಂಗೆ ತೋರಿಸ್ತಿದ್ದಿದ್ದು ಈ ಅಂಗೈಯಗಲದ ರಟ್ಟೇ. 1900ರಿಂದ ಮೊದಲ ಮಹಾಯುದ್ಧದವರೆಗಿನ ಹದಿನೈದು ವರ್ಷದಲ್ಲಿ ಎಷ್ಟು ದೊಡ್ಡ ದೊಡ್ಡ ಅನಾಹುತ ಆದ್ವೋ ನೋಡಿ, ಅಮೆರಿಕದ ಗ್ಯಾಲ್ವೆಸ್ಟನ್ ಚಂಡಮಾರುತ, ಮಾರ್ಟಿನಿಕ್‌ನ ಜ್ವಾಲಾಮುಖಿ, ಇಟಲಿಯ ವೆಸುವಿಯಸ್ ಜ್ವಾಲಾಮುಖಿ, ಸ್ಯಾನ್ ಫ್ರಾನ್ಸಿಸ್ಕೊ, ಚಿಲಿಯ ವಾಲ್ಪರೈಸೊ, ಜಮೈಕಾದ ಕಿಂಗ್‌ಸ್ಟನ್, ಮೆಸ್ಸೀನಾ ಇವುಗಳ ಭೂಕಂಪ, ಪ್ಯಾರಿಸ್ ಮತ್ತೆ ಡೇಟನ್ ಪ್ರವಾಹ, ಎಲ್ಲಾ ಸರಿಯಾಗಿ ಈ ಹುಚ್ಚಿನ ಕಾಲಕ್ಕೇ ಬಂದು ಬಿದ್ವು.

ಪ್ಯಾರಿಸ್ ವಿಷಯಕ್ಕೇ ವಾಪಸ್ ಬರ್ತೀನಿ, ಯಾಕಂದ್ರೆ ಕಾರ್ಡು ಓದೋದು ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಜನವರಿ 28ಕ್ಕೆ ಆಸ್ಟರ್ಲಿಟ್ಜ್ ಸೇತುವೆಯ ಅಳತೆಪಟ್ಟೀಲಿ ನೀರು 8.62 ಮೀಟರ್‌ಗೆ ಬಂತು. ಆಲ್ಮಾ ಸೇತುವೆಯ ಕಂಬಕ್ಕೆ ಆನಿಸಿ ನಿಲ್ಲಿಸಿರೋ ಜುವಾವ್ ಸೈನಿಕನ ಕಲ್ಲಿನ ಮೂರ್ತಿಗೆ ಭುಜದವರೆಗೂ ನೀರು, ಪ್ಯಾರಿಸ್ ಜನ ಇವತ್ತಿಗೂ ನದಿ ಏರಿದಾಗ ನೀರು ಅವನ ಪಾದಕ್ಕೆ ಬಂತೋ ಮೊಣಕಾಲಿಗೆ ಬಂತೋ ಅಂತ ಲೆಕ್ಕ ಹಾಕ್ತಾರೆ. ಇನ್ನೂ ಸೋಜಿಗದ ಸಂಗತಿ ಅಂದ್ರೆ ನದಿಯಿಂದ ಎಷ್ಟೋ ದೂರ ಇರೋ ಸೇಂಟ್ ಲಜಾರ್ ಸ್ಟೇಷನ್ ಮುಂದೆ ದೋಣಿ ಹೋಗ್ತಿರೋ ಕಾರ್ಡುಗಳಿವೆ, ನೀರು ದಡ ಮೀರಿ ಅಲ್ಲಿಗೆ ಬಂದಿದ್ದಲ್ಲ, ಚರಂಡಿ ಮತ್ತೆ ಮೆಟ್ರೋ ಸುರಂಗದ ಒಳಗಿಂದ ಹೋಗಿ ನೆಲದಡಿಯಿಂದ ಉಕ್ಕಿದ್ದು. ಓರ್ಸೇ ಸ್ಟೇಷನ್ ಒಳಗೆ ರೈಲು ನಿಲ್ಲೋ ಜಾಗ ಪೂರ್ತಿ ಕೆರೆ ಥರ, ಅದರ ಕಾರ್ಡಂತೂ ಎಷ್ಟು ಸಲ ನೋಡಿದ್ರೂ ನಂಗೆ ಸಾಕಾಗಲ್ಲ.

ಆ ಊರಿನ ಸಾರ್ವಜನಿಕ ಗಡಿಯಾರಗಳು ಆಗ ಒತ್ತಡದ ಗಾಳೀಲಿ ನಡೀತಿದ್ವು, ಒಂದೇ ಕಡೆಯಿಂದ ಪೈಪಲ್ಲಿ ಗಾಳಿ ಹೋಗಿ ಊರಿನ ಗಡಿಯಾರಗಳ ಮುಳ್ಳು ಒಟ್ಟಿಗೆ ಸರಿಯೋದು. ಜನವರಿ 21ರ ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಆ ಸ್ಥಾವರಕ್ಕೆ ನೀರು ನುಗ್ಗಿ ಅವೆಲ್ಲಾ ಒಂದೇ ಹೊತ್ತಲ್ಲಿ ನಿಂತ್ವು. ಇದು ಗೊತ್ತಾದ ಮೇಲೆ ಪ್ರವಾಹದ ಯಾವ ಬೀದಿ ಕಾರ್ಡು ಸಿಕ್ಕಿದ್ರೂ ನಾನು ಮೊದಲು ಹುಡುಕೋದು ಗಡಿಯಾರಾನ, ಹಗಲು ಬೆಳಕಲ್ಲಿ ತೆಗೆದ ಚಿತ್ರದಲ್ಲಿ ಮುಳ್ಳು ಹನ್ನೊಂದರ ಹತ್ರ ಇದ್ರೆ ಆ ಕಾರ್ಡು ನಂಗೆ ಬೇಕೇ ಬೇಕು. ಆಮೇಲೆ ಗೋಡೆ ನೋಡ್ತೀನಿ, ನೀರು ಇಳಿದ ಮೇಲಿನ ಒದ್ದೆ ಗೆರೆ ಕಾಣುತ್ತಾ ಅಂತ. ಮರದ ಹಲಗೆ ಜೋಡಿಸಿ ಮಾಡಿದ ಕಾಲುದಾರಿ ಮೇಲೆ ಟೋಪಿ ಹಾಕ್ಕೊಂಡೋರು ಸಾಲಾಗಿ ನಡೀತಿರ್ತಾರೆ, ಪಾರ್ಲಿಮೆಂಟಿಗೆ ಸದಸ್ಯರು ದೋಣೀಲಿ ಬರ್ತಿರ್ತಾರೆ. ನೆರ್ದಾಂ, ಲೆವಿ, ಲೆ ದೆಲೆ ಥರದ ದೊಡ್ಡ ಪಬ್ಲಿಷರ್‌ಗಳು ನಂಬರ್ ಹಾಕಿ ಸರಣಿ ಸರಣಿಯಾಗಿ ಬಿಟ್ರು, ಕಾರ್ಡಿನ ಮೂಲೇಲಿ ಎನ್‌ಡಿ, ಎಲ್‌ಎಲ್, ಇಎಲ್‌ಡಿ ಅಂತ ಇರುತ್ತೆ, ಆ ನಂಬರ್ ಪ್ರಕಾರ ಜೋಡಿಸ್ತಾ ಹೋದ್ರೆ ಫೋಟೋಗ್ರಾಫರ್ ಯಾವ ಬೀದಿಯಿಂದ ಯಾವ ಬೀದಿಗೆ ಹೋದ ಅನ್ನೋದೂ ಕೆಲವು ಸಲ ಬಿಚ್ಕೊಳ್ಳುತ್ತೆ. ಪ್ಯಾರಿಸ್ ಕಾರ್ಡುಗಳು ಕಾಮನ್ ಅಂತ ಎಷ್ಟೋ ಸಂಗ್ರಾಹಕರು ಮೂಗು ಮುರೀತಾರೆ. ನಾನು ಒಪ್ಪಲ್ಲ. ಕಾಮನ್ ಆಗಿರೋದ್ರಿಂದಲೇ ಒಂದು ನಗರದ ಒಂದು ಇಡೀ ಪ್ರವಾಹಾನ ಬೀದಿ ಬೀದಿಯಾಗಿ ಮತ್ತೆ ಕಟ್ಟಬಹುದು, ಬೇರೆ ಯಾವ ದುರಂತಕ್ಕೂ ಆ ಭಾಗ್ಯ ಇಲ್ಲ.

ಇನ್ನು ಇದಕ್ಕೆ ಪೂರಾ ಉಲ್ಟಾ ಇರೋದು ರಿಯಲ್ ಫೋಟೋ ಕಾರ್ಡು, ಅಂದ್ರೆ ಪ್ರೆಸ್ಸಲ್ಲಿ ಅಚ್ಚು ಹಾಕಿದ್ದಲ್ಲ, ನೆಗೆಟಿವ್‌ನಿಂದ ನೇರವಾಗಿ ಪೋಸ್ಟ್‌ಕಾರ್ಡ್ ಬೆನ್ನಿರೋ ಫೋಟೋ ಪೇಪರ್ ಮೇಲೆ ಇಳಿಸಿದ್ದು. ಕೊಡಾಕ್ ಕಂಪನಿ 1903ರಲ್ಲಿ 3ಎ ಅಂತ ಮಡಿಸೋ ಕ್ಯಾಮೆರಾ ತಂತು, ಅದರ ಫಿಲ್ಮ್ ಸೈಜೇ ಮೂರೂಕಾಲು ಇಂಚಿಗೆ ಐದೂವರೆ ಇಂಚು, ಸರಿಯಾಗಿ ಒಂದು ಕಾರ್ಡಿನಷ್ಟು. ಅಲ್ಲಿಂದ ಸಣ್ಣ ಊರಿನ ಫೋಟೋ ಅಂಗಡಿಯೋನೂ ಸುಂಟರಗಾಳಿ ಬಂದುಹೋದ ಮಾರನೇ ದಿನವೇ ಕಾರ್ಡು ಮಾಡಿ ಮಾರೋ ಹಾಗಾಯ್ತು. ದೊಡ್ಡ ಪಬ್ಲಿಷರ್ ಯಾವತ್ತೂ ತಿರುಗಿ ನೋಡದ ಊರುಗಳು, ಹೊರಗಿನೋರು ಹೆಸರೂ ಕೇಳಿರದ ಊರುಗಳು, ಅವುಗಳ ಮುರಿದ ಶಾಲೆ, ತಲೆಕೆಳಗಾದ ಗಾಡಿ, ಛಾವಣಿ ಹಾರಿಹೋದ ಚರ್ಚು, ಇವು ಉಳಿದಿರೋದು ಈ ಕಾರ್ಡುಗಳಲ್ಲಿ ಮಾತ್ರ. ಎಷ್ಟೋ ಕಾರ್ಡು ಮಾಡಿದ್ದೇ ಹತ್ತೋ ಇಪ್ಪತ್ತೋ ಪ್ರತಿ ಇರ್ಬೇಕು ಅನ್ಸುತ್ತೆ, ಅದಕ್ಕೇ ಅಂಥದ್ದು ಕೈಗೆ ಬಂದಾಗ ಎದೆ ಸ್ವಲ್ಪ ಜೋರಾಗೇ ಹೊಡ್ಕೊಳ್ಳುತ್ತೆ.

ಈ ಕಾರ್ಡುಗಳಲ್ಲಿ ಕೆಳಗಡೆ ಬಿಳೀ ಅಕ್ಷರದಲ್ಲಿ ಕೈಬರಹ ಇರುತ್ತಲ್ಲ, ಅದು ಫೋಟೋಗ್ರಾಫರ್ ನೆಗೆಟಿವ್ ಮೇಲೆ ಕಪ್ಪು ಇಂಕಲ್ಲಿ ಬರೆದಿದ್ದು, ಪ್ರಿಂಟ್ ಆದಾಗ ಬೆಳ್ಳಗೆ ಬರುತ್ತೆ. ಅವಸರದಲ್ಲಿ ಕನ್ನಡಿ ಬರಹ ಬರೀಬೇಕಲ್ಲ, ಒಂದೊಂದು ಸಲ ಒಂದಕ್ಷರ ತಿರುಗಾಮುರುಗಾ ಆಗಿರುತ್ತೆ, ನಂಗೆ ಆ ತಿರುಗಿದ ಅಕ್ಷರ ಕಂಡ್ರೆ ಬಹಳ ಪ್ರೀತಿ, ರಾತ್ರಿಯೆಲ್ಲಾ ಡಾರ್ಕ್‌ರೂಮಲ್ಲಿ ನಿಂತಿದ್ದ ಒಬ್ಬ ಮನುಷ್ಯ ಅಲ್ಲಿ ಕಾಣ್ತಾನೆ.

1913ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿಗೆ ಬಂದ ಪ್ರವಾಹದ ಕಾರ್ಡುಗಳಲ್ಲಿ ಇವೆರಡೂ ಥರದವು ಸಿಗ್ತವೆ, ಅಚ್ಚಿನವೂ ರಿಯಲ್ ಫೋಟೋನೂ. ಆ ಪ್ರವಾಹದಲ್ಲಿ 360ಕ್ಕೂ ಹೆಚ್ಚು ಜನ ತೀರಿಕೊಂಡ್ರು, ಊರ ನಡುವೆ 20 ಅಡಿವರೆಗೂ ನೀರು, ಅದರ ಮಧ್ಯ ಗ್ಯಾಸ್ ಸೋರಿ ಬೆಂಕಿ ಬೇರೆ. ಕ್ಯಾಶ್ ರಿಜಿಸ್ಟರ್ ಕಾರ್ಖಾನೆ ನಡೆಸ್ತಿದ್ದ ಜಾನ್ ಪ್ಯಾಟರ್‌ಸನ್ ಅನ್ನೋರು ತಮ್ಮ ಕಾರ್ಖಾನೇಲೇ ಚಪ್ಪಟೆ ತಳದ ದೋಣಿ ಮಾಡಿಸಿ ಜನರನ್ನ ಪಾರು ಮಾಡಿಸಿದ್ರು, ಆ ದೋಣಿಗಳು ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣ್ತವೆ. ನನ್ನ ಹತ್ರ ಇರೋ ಒಂದು ಡೇಟನ್ ಕಾರ್ಡಲ್ಲಿ ಮಹಡಿ ಮೇಲಿನ ಒಂದು ಕಿಟಕಿಗೆ ಇಂಕಲ್ಲಿ ಸಣ್ಣ ಬಾಣದ ಗುರುತು ಹಾಕಿದಾರೆ, ಹಿಂದುಗಡೆ ಬರೆದಿರೋದು ಎರಡೇ ಸಾಲು, ನಾವು ಆ ರೂಮಲ್ಲಿದ್ವಿ, ಎಲ್ಲರೂ ಚೆನ್ನಾಗಿದೀವಿ ಅನ್ನೋ ಅರ್ಥದ್ದು. ಚಿತ್ರ ಮಸುಕು, ಮೂಲೆ ಮಡಚಿದೆ, ಡೀಲರ್ ಅದನ್ನ ಕಂಡೀಷನ್ ಚೆನ್ನಾಗಿಲ್ಲ ಅಂತ ಪಕ್ಕಕ್ಕಿಟ್ಟಿದ್ರು. ನನ್ನ ಸಂಗ್ರಹದಲ್ಲಿ ಒಂದೇ ಒಂದು ಕಾರ್ಡು ಉಳಿಸ್ಕೋ ಅಂದ್ರೆ ನಾನು ಅದನ್ನೇ ಉಳಿಸ್ಕೊಳ್ಳೋದು.

ಬರಹದ ವಿಷಯ ಬಂತಲ್ಲ, 1906ರ ಸ್ಯಾನ್ ಫ್ರಾನ್ಸಿಸ್ಕೊ ಕಾರ್ಡುಗಳಲ್ಲಿ ಒಂದು ವಿಶೇಷ ಇದೆ. ಆಗ ಅಮೆರಿಕದ ಅಂಚೆ ನಿಯಮದ ಪ್ರಕಾರ ಕಾರ್ಡಿನ ಹಿಂಭಾಗ ವಿಳಾಸಕ್ಕೆ ಮಾತ್ರ ಮೀಸಲು, ಅಲ್ಲಿ ಬೇರೆ ಒಂದಕ್ಷರ ಬರೆಯೋ ಹಾಗಿರ್ಲಿಲ್ಲ, ಹಿಂಭಾಗಾನ ಗೆರೆ ಹಾಕಿ ಎರಡು ಭಾಗ ಮಾಡೋಕೆ ಒಪ್ಪಿಗೆ ಸಿಕ್ಕಿದ್ದು 1907ರ ಮಾರ್ಚ್ 1ರಿಂದ. ಹಂಗಾಗಿ ಭೂಕಂಪ ಆದ ವರ್ಷ ಕಾರ್ಡು ಕಳಿಸಿದೋರು ತಮ್ಮ ಮಾತನ್ನ ಚಿತ್ರದ ಮೇಲೇ ಬರೀಬೇಕಾಯ್ತು, ಸುಟ್ಟ ಬೀದಿ ಮೇಲಿನ ಆಕಾಶದಲ್ಲಿ, ಬಿದ್ದ ಗೋಡೆಯ ಅಂಚಲ್ಲಿ, ಸುತ್ತ ಬಿಟ್ಟ ಬಿಳೀ ಜಾಗದಲ್ಲಿ ಪೆನ್ಸಿಲ್ ಅಕ್ಷರ ತುಂಬಿರುತ್ತೆ. ಕ್ಲೀನ್ ಕಾರ್ಡು ಬೇಕು ಅನ್ನೋರು ಇಂಥದ್ದನ್ನ ಬಿಟ್ಟುಬಿಡ್ತಾರೆ, ನಾನು ಅಂಥದ್ದನ್ನೇ ಆರಿಸ್ತೀನಿ. ಊರು ಮತ್ತೆ ಆ ಊರಲ್ಲಿದ್ದೋರ ಮಾತು ಒಂದೇ ಮೇಲ್ಮೈ ಮೇಲೆ ಇರೋದು ಇನ್ನೆಲ್ಲಿ ಸಿಗುತ್ತೆ ಹೇಳಿ.

ಆ ಊರಿನ ಅಂಚೆ ಕಚೇರಿ ಕಥೇನೂ ಹೇಳ್ಲೇಬೇಕು. ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿತು, ಆಮೇಲೆ ಮೂರು ದಿನಕ್ಕೂ ಮೇಲೆ ಬೆಂಕಿ. ಸುತ್ತಮುತ್ತ ಎಲ್ಲಾ ಉರೀತಿದ್ದಾಗ ಹೊಸ ಅಂಚೆ ಕಟ್ಟಡದಲ್ಲಿ ಉಳಿದಿದ್ದ ಕೆಲವೇ ನೌಕರರು ಟಪಾಲು ಚೀಲಗಳನ್ನ ನೀರಲ್ಲಿ ನೆನೆಸಿ ಕಿಟಕಿಯಿಂದ ಒಳಗೆ ಬರ್ತಿದ್ದ ಬೆಂಕೀನ ಬಡಿದು ಬಡಿದು ಆರಿಸಿ ಕಟ್ಟಡ ಉಳಿಸ್ಕೊಂಡ್ರು. ಆಮೇಲೆ ಊರ ಜನ ಏನು ತಂದುಕೊಟ್ರೂ ಸ್ಟಾಂಪ್ ಇಲ್ಲದೇ ಕಳಿಸಿದ್ರು, ಶರ್ಟಿನ ಕಾಲರ್ ಮೇಲೆ ಬರೆದಿದ್ದು, ಕಫ್ ಮೇಲೆ ಬರೆದಿದ್ದು, ರಟ್ಟಿನ ಚೂರು, ಪೇಪರಿನ ಅಂಚು, ಎಲ್ಲಾ. ಅದರಲ್ಲಿ ಹೆಚ್ಚಿನವುಗಳ ಸಾರ ಒಂದೇ, ಬದುಕಿದೀವಿ ಅನ್ನೋದು.

ಆದ್ರೆ ಇದೇ ಸ್ಯಾನ್ ಫ್ರಾನ್ಸಿಸ್ಕೊ ಕಾರ್ಡುಗಳ ಕ್ಯಾಪ್ಶನ್ ಸ್ವಲ್ಪ ಜಾಗ್ರತೆಯಿಂದ ಓದ್ಬೇಕು. ಎಷ್ಟೋ ಕಾರ್ಡುಗಳಲ್ಲಿ ಬೆಂಕಿ ಬೆಂಕಿ ಅಂತಾನೇ ಇದೆ, ಭೂಕಂಪದ ಮಾತು ಹಿಂದೆ ಸರಿದಿದೆ. ಆ ಊರಿನ ವ್ಯಾಪಾರಸ್ಥರಿಗೆ, ರೈಲ್ವೆಯೋರಿಗೆ ಅದೇ ಬೇಕಾಗಿತ್ತು, ಬೆಂಕಿ ಯಾವ ಊರಿಗಾದ್ರೂ ಬೀಳಬಹುದು, ಭೂಕಂಪ ಅಂದ್ರೆ ಹೊರಗಿನೋರು ಹಣ ಹಾಕೋಕೆ ಹೆದರ್ತಾರೆ, ಮೇಲಾಗಿ ಇನ್ಶೂರೆನ್ಸ್ ಇದ್ದಿದ್ದೂ ಬೆಂಕಿಗೆ. ಸತ್ತೋರ ಸಂಖ್ಯೇನೂ ಅಷ್ಟೇ, ಆಗಿನ ಅಧಿಕೃತ ಲೆಕ್ಕ 500 ಕೂಡ ದಾಟಿರ್ಲಿಲ್ಲ, ದಶಕಗಳ ಮೇಲೆ ಗ್ಲಾಡಿಸ್ ಹ್ಯಾನ್ಸನ್ ಅನ್ನೋ ಆ ಊರಿನ ಲೈಬ್ರರಿಯನ್ ಒಂದೊಂದೇ ಹೆಸರು ಹುಡುಕ್ತಾ ಹೋಗಿ ಅದು 3000ಕ್ಕೂ ಜಾಸ್ತಿ ಅಂತ ತೋರಿಸಿದ್ರು. ಅಂದ್ರೆ ಕಾರ್ಡಿನ ಮೇಲೆ ಅಚ್ಚಾಗಿರೋ ಸಾಲೂ ಒಂದು ಕಡೆಯೋರ ವಾದ, ಅದನ್ನ ನೆನಪಲ್ಲಿಟ್ಕೊಂಡೇ ಚಿತ್ರ ನೋಡ್ಬೇಕು. ಹಂಗಂತ ಚಿತ್ರ ಯಾವಾಗ್ಲೂ ಕ್ಯಾಪ್ಶನ್ ಮಾತು ಕೇಳಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಲೂಯಿ ಅಗಾಸಿಯ ಕಲ್ಲಿನ ಮೂರ್ತಿ ಮೇಲಿಂದ ಬಿದ್ದು ತಲೆ ಭುಜ ಎಲ್ಲಾ ಕಾಂಕ್ರೀಟ್ ಒಳಗೆ ಹುಗಿದು ಕಾಲು ಮೇಲಾಗಿ ನಿಂತಿರೋ ಕಾರ್ಡು ಇದೆ, ಆಗ ಲೆಕ್ಕವಿಲ್ಲದಷ್ಟು ಮಾರಾಟ ಆಗಿದ್ದು. ಅಲ್ಲಿ ಬೆಂಕಿಯ ಕುರುಹೇ ಇಲ್ಲ, ಅದು ಬರೀ ಭೂಮಿ ಮಾಡಿದ ಕೆಲಸ.

ಬಣ್ಣದ ಕಾರ್ಡುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಆ ಕಾಲದ ಅಮೆರಿಕನ್ ಕಾರ್ಡುಗಳಲ್ಲಿ ಎಷ್ಟೋ ಅಚ್ಚಾಗಿದ್ದು ಜರ್ಮನೀಲಿ, ಕಪ್ಪು ಬಿಳುಪು ಫೋಟೋ ಹಡಗಲ್ಲಿ ಹೋಗೋದು, ಆ ಊರನ್ನ ಕಣ್ಣಲ್ಲೂ ನೋಡಿರದೋರು ಅದಕ್ಕೆ ಬಣ್ಣ ತುಂಬಿ ಕಳಿಸೋರು. ಬೂದಿಯಾದ ಊರ ಮೇಲೆ ಗುಲಾಬಿ ಆಕಾಶ, ಇಟ್ಟಿಗೆ ರಾಶಿಗೆ ತಿಳಿ ಹಸಿರು. ಅದು ನೋಡೋಕೆ ಬಹಳ ಚಂದ ಇದೆ ಅನ್ನೋದು ನಿಜ, ನಂಗೂ ಇಷ್ಟ, ಆದ್ರೆ ಆ ದಿನದ ಬೆಳಕು ಹೆಂಗಿತ್ತು ಅಂತ ಅದರಿಂದ ತಿಳ್ಕೊಳ್ಳೋಕಾಗಲ್ಲ. ಒಂದೇ ದೃಶ್ಯದ ಕಪ್ಪು ಬಿಳುಪು ಕಾರ್ಡೂ ಬಣ್ಣದ ಕಾರ್ಡೂ ಎರಡೂ ಸಿಕ್ಕಿದ್ರೆ ಪಕ್ಕ ಪಕ್ಕ ಇಟ್ಟು ನೋಡಿ, ಏನು ಸೇರ್ಕೊಂಡಿದೆ, ಏನು ಅಳಿಸಿದಾರೆ ಎಲ್ಲಾ ತಾನಾಗೇ ಎದ್ದು ಬರುತ್ತೆ.

ಇಟಲಿಯ ಮೆಸ್ಸೀನಾ ಕಾರ್ಡುಗಳು ಬೇರೆಯದೇ ಥರ ಕಾಡ್ತವೆ. 1908ರ ಡಿಸೆಂಬರ್ 28, ಬೆಳಗಿನ ಜಾವ 5 ಗಂಟೆ 20 ನಿಮಿಷ, ಜನ ಇನ್ನೂ ಹಾಸಿಗೇಲಿ, ಭೂಕಂಪ, ಅದರ ಬೆನ್ನಿಗೇ ಸಮುದ್ರ. ಮೆಸ್ಸೀನಾ ಮತ್ತೆ ಎದುರು ದಡದ ರೆಜ್ಜಿಯೊ ಕಲಾಬ್ರಿಯಾ ಸೇರಿ 80 ಸಾವಿರದ ಆಸುಪಾಸು ಜನ ಹೋದ್ರು ಅಂತ ಲೆಕ್ಕ. ಬಂದರಿನ ಉದ್ದಕ್ಕೂ ಪಲಾತ್ಸಾತಾ ಅಂತ ಅರಮನೆಯಂಥ ಕಟ್ಟಡಗಳ ಸಾಲಿತ್ತು, ಭೂಕಂಪ ಆದ ಮೇಲೂ ಅದರ ಮುಂಗೋಡೆ ಎಷ್ಟೋ ಕಡೆ ಹಂಗೇ ನಿಂತಿತ್ತು. ಸಮುದ್ರದ ಕಡೆಯಿಂದ ತೆಗೆದ ಕಾರ್ಡಲ್ಲಿ ಮೊದಲ ನೋಟಕ್ಕೆ ಊರು ಇನ್ನೂ ಇದೆ ಅನ್ಸುತ್ತೆ, ಭೂತಗನ್ನಡಿ ಹಿಡಿದ್ರೆ ಕಿಟಕಿಗಳಲ್ಲಿ ಆಕಾಶ ಕಾಣುತ್ತೆ, ಹಿಂದೆ ಏನೂ ಇಲ್ಲ. ಹತ್ತಿರದಲ್ಲಿದ್ದ ರಷ್ಯನ್ ನೌಕಾಪಡೆ ಹಡಗುಗಳು ಮೊದಲು ಬಂದು ಸಹಾಯಕ್ಕಿಳಿದ್ವು, ಇಟಲಿಯೋರು ಆ ನಾವಿಕರ ಕಾರ್ಡು ಮಾಡಿ ಪ್ರೀತಿಯಿಂದ ಹಂಚಿಕೊಂಡ್ರು. ಸಂತ್ರಸ್ತರಿಗೆ ಹಣ ಕೂಡಿಸೋಕೆ ಅಂತಾನೇ ಮಾರಿದ ಕಾರ್ಡುಗಳೂ ಇವೆ, ದುಃಖ ಮಾರಿ ದುಡ್ಡು ಮಾಡಿದ್ರು ಅಂತ ಎಲ್ಲಾ ಪಬ್ಲಿಷರ್‌ನೂ ಒಂದೇ ಸಾಲಲ್ಲಿ ನಿಲ್ಲಿಸೋಕಾಗಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಊರಿನದು ಮೊದಲು ಮತ್ತೆ ಆಮೇಲೆ ಅಂತ ಜೋಡಿಯಾಗಿ ಬರೋ ಕಾರ್ಡುಗಳು. 1902ರ ಮೇ 8ರ ಬೆಳಿಗ್ಗೆ 8 ಗಂಟೆ ಹೊತ್ತಿಗೆ ಪಿಲೇ ಪರ್ವತದಿಂದ ಇಳಿದ ಸುಡೋ ಮೋಡ ಕೆಲವೇ ನಿಮಿಷದಲ್ಲಿ ಸುಮಾರು 28 ಸಾವಿರ ಜನರನ್ನ ತಗೊಂಡುಹೋಯ್ತು. ಜೈಲಿನ ದಪ್ಪ ಕಲ್ಲಿನ ಕೋಣೆಯಲ್ಲಿದ್ದ ಲೂಡ್ಜರ್ ಸಿಲ್ಬಾರಿಸ್ ಸುಟ್ಟ ಗಾಯಗಳ ಜೊತೆ ಬದುಕಿದ, ಆಮೇಲೆ ಅವನನ್ನ ಬಾರ್ನಂ ಅಂಡ್ ಬೇಲಿ ಸರ್ಕಸ್ಸಲ್ಲಿ ಊರೂರು ತೋರಿಸಿದ್ರು. ಅವನ ಕೋಣೆ ಇವತ್ತಿಗೂ ಇದೆ, ಕಾರ್ಡುಗಳಲ್ಲೂ ಬಂದಿದೆ. ಆದ್ರೆ ನಂಗೆ ಹೆಚ್ಚು ತಟ್ಟೋದು ಮೊದಲಿನ ಕಾರ್ಡುಗಳು, ಬಂದರಲ್ಲಿ ಪೀಪಾಯಿ ಸಾಲು, ಥಿಯೇಟರ್ ಮೆಟ್ಟಿಲು, ಹಿಂದೆ ಹಸಿರು ಬೆಟ್ಟ. ದುರಂತದ ಸಂಗ್ರಹ ಅಂದ್ರೆ ಅವಶೇಷ ಮಾತ್ರ ಅಂತ ತಿಳ್ಕೊಂಡು ಜನ ಇವನ್ನ ಬಿಟ್ಟುಬಿಡ್ತಾರೆ, ಇವಿಲ್ಲದೇ ಹೋದ್ರೆ ಏನು ಹೋಯ್ತು ಅಂತಾನೇ ಗೊತ್ತಾಗಲ್ಲ.

ಇನ್ನು ಜಪಾನ್. 1923ರ ಸೆಪ್ಟೆಂಬರ್ 1, ಮಧ್ಯಾಹ್ನ ಹನ್ನೆರಡಾಗೋಕೆ ಎರಡು ನಿಮಿಷ, ಮನೆ ಮನೇಲಿ ಅಡುಗೆ ಒಲೆ ಉರೀತಿರೋ ಹೊತ್ತು, ಕಾಂಟೋ ಪ್ರದೇಶದ ಮಹಾಭೂಕಂಪ, ಟೋಕಿಯೋ ಯೊಕೊಹಾಮಾ ಎರಡೂ ಬೆಂಕಿಗೆ ಹೋದ್ವು, ಸತ್ತೋರು ಸುಮಾರು 1 ಲಕ್ಷದ 5 ಸಾವಿರ. ಕೆಲವೇ ದಿನದಲ್ಲಿ ಬೀದೀಲಿ ಕಾರ್ಡಿನ ಸೆಟ್ಟುಗಳು ಮಾರಾಟಕ್ಕೆ ಬಂದ್ವು. ಅಸಾಕುಸಾದ ಹನ್ನೆರಡು ಮಹಡಿ ಗೋಪುರ ರ್ಯೋಉಂಕಾಕು ಮೇಲ್ಭಾಗ ಮುರಿದು ಮೊಂಡಾಗಿ ನಿಂತಿರೋದು, ಆಮೇಲೆ ಸೈನ್ಯದೋರು ಅದನ್ನ ಸ್ಫೋಟಕ ಇಟ್ಟು ಕೆಡವಿದ್ದು, ಉಯೆನೋದಲ್ಲಿ ಗಂಟುಮೂಟೆ ಹೊತ್ತ ಜನಸಾಗರ, ಇವೆಲ್ಲಾ ಎಲ್ಲಾ ಸೆಟ್ಟಲ್ಲೂ ಇರ್ತವೆ. ಆದ್ರೆ ಬಣ್ಣದ ಕಾರ್ಡುಗಳಲ್ಲಿ ಕೆಂಪು ಜ್ವಾಲೆ ಕಂಡ್ರೆ ಒಂದು ನಿಮಿಷ ನಿಂತು ನೋಡಿ, ಅದರಲ್ಲಿ ಎಷ್ಟೋ ಕೈಯಲ್ಲಿ ಬರೆದು ಸೇರಿಸಿದ ಬೆಂಕಿ, ಹೊಗೆ ಒಂದು ಕಡೆಗೆ ವಾಲಿದ್ರೆ ಜ್ವಾಲೆ ಇನ್ನೊಂದು ಕಡೆಗೆ ವಾಲಿರುತ್ತೆ. ಹೆಣಗಳ ಫೋಟೋ ಇರೋ ಕಾರ್ಡು ಮಾರಬಾರದು ಅಂತ ಪೊಲೀಸರು ತಡೆದಿದ್ರು, ಆದ್ರೂ ಕೈಯಿಂದ ಕೈಗೆ ಹೋದ್ವು, ಇವತ್ತೂ ಮಾರಾಟಕ್ಕೆ ಬರ್ತವೆ. ಹೊಂಜೋದಲ್ಲಿ ಸೈನ್ಯದ ಬಟ್ಟೆ ಕಾರ್ಖಾನೆ ಇದ್ದ ಖಾಲಿ ಮೈದಾನಕ್ಕೆ ಓಡಿಬಂದಿದ್ದ ಸುಮಾರು 38 ಸಾವಿರ ಜನ ಬೆಂಕಿಯ ಸುಳಿಗೆ ಸಿಕ್ಕಿ ಸತ್ತ ಜಾಗದ್ದೇ ಅದರಲ್ಲಿ ಹೆಚ್ಚು.

ಹೆಣಗಳ ಕಾರ್ಡು ನಾನು ಕೊಳ್ಳಲ್ಲ. ಚರಿತ್ರೆಗೆ ಬೇಕು ಅನ್ನೋರ ಮಾತು ನಂಗೆ ಅರ್ಥ ಆಗುತ್ತೆ, ಅವು ಮ್ಯೂಸಿಯಂಗಳಲ್ಲಿ ಆರ್ಕೈವ್‌ಗಳಲ್ಲಿ ಸುರಕ್ಷಿತವಾಗಿ ಇರ್ಬೇಕು ಅನ್ನೋದಕ್ಕೆ ನಂದೂ ಒಪ್ಪಿಗೆ, ಆದ್ರೆ ಆ ಮುಖಗಳಿಗೆ ಹೆಸರಿದೆ, ಅವರ ಮನೆಯೋರು ಒಪ್ಪಿ ಕೊಟ್ಟ ಚಿತ್ರ ಅಲ್ಲ ಅದು, ಮತ್ತೆ ಬೆಲೆ ಏರಿಸೋದೇ ಆ ಭೀಕರತೆ ಅಂದಾಗ ನನ್ನ ದುಡ್ಡು ಆ ಕಡೆ ಹೋಗೋದು ನಂಗೆ ಬೇಡ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಭೂಕಂಪದ ನಂತರದ ದಿನಗಳಲ್ಲಿ ಬಾವಿಗೆ ವಿಷ ಹಾಕಿದಾರೆ, ಬೆಂಕಿ ಇಟ್ಟಿದಾರೆ ಅನ್ನೋ ಗಾಳಿಸುದ್ದಿ ಹಬ್ಬಿ ಸಾವಿರಾರು ಕೊರಿಯನ್ನರನ್ನ ಅಲ್ಲಿ ಬೀದಿ ಬೀದೀಲಿ ಕೊಂದ್ರು. ಕಾಂಟೋ ಕಾರ್ಡಿನ ಸೆಟ್ಟು ಎಷ್ಟೇ ಪೂರ್ತಿಯಾಗಿರ್ಲಿ, ಮುರಿದ ಗೋಪುರ ಇರುತ್ತೆ, ಸುಟ್ಟ ಟ್ರಾಮ್ ಇರುತ್ತೆ, ಡೇರೆ ಇರುತ್ತೆ, ಆ ಕೊಲೆಗಳ ಮಾತು ಕ್ಯಾಪ್ಶನ್‌ನಲ್ಲಿ ಬರಲ್ಲ. ಪ್ರಕೃತಿ ಕೊಂದವರನ್ನ ತೋರಿಸೋ ಸೆಟ್ಟು ಮನುಷ್ಯರು ಕೊಂದವರನ್ನ ಬಿಟ್ಟುಬಿಟ್ಟಿದೆ. ಅದಕ್ಕೇ ನನ್ನ ಆಲ್ಬಮ್ಮಲ್ಲಿ ಕಾಂಟೋ ಪುಟಗಳ ಮಧ್ಯ ಒಂದು ಖಾಲಿ ಹಾಳೆ ಇಟ್ಟು ಅದರ ಮೇಲೆ ಈ ವಿಷಯ ಬರೆದಿಟ್ಟಿದೀನಿ, ತಿರುವಿ ಹಾಕೋರು ಯಾರೇ ಇರ್ಲಿ ಅಲ್ಲಿ ನಿಂತು ಓದ್ಲೇಬೇಕು.

ಕ್ಯಾಮೆರಾ ಯಾರ ಕೈಲಿತ್ತು ಅನ್ನೋ ಪ್ರಶ್ನೆಗೆ ಈಗ ಪಾಕಿಸ್ತಾನದಲ್ಲಿರೋ ಕ್ವೆಟ್ಟಾ ಇನ್ನೊಂದು ಉದಾಹರಣೆ. 1935ರ ಮೇ 31ರ ನಸುಕಿನ 3 ಗಂಟೆ ಸುಮಾರಿಗೆ ಆದ ಭೂಕಂಪದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಬ್ರಿಟಿಷ್ ಸೈನ್ಯ ಊರನ್ನ ಮುಚ್ಚಿ ಕಾವಲು ಹಾಕ್ತು, ಹೊರಗಿನೋರಿಗೆ ಪ್ರವೇಶ ಇಲ್ಲ, ಸಹಾಯಕ್ಕೆ ಬರ್ತೀನಿ ಅಂದ ಗಾಂಧೀಜಿಗೂ ಒಪ್ಪಿಗೆ ಕೊಡಲಿಲ್ಲ. ಹಂಗಾಗಿ ಅಲ್ಲಿನ ರಿಯಲ್ ಫೋಟೋ ಕಾರ್ಡುಗಳಲ್ಲಿ ನಂಗೆ ಕಂಡಿರೋದು ಹೆಚ್ಚಾಗಿ ದಂಡಿನ ಕಣ್ಣು, ಸೈನಿಕರು ಅಗೀತಿರೋದು, ಬ್ಯಾರಕ್ಕು, ಬಜಾರಿನ ಬೀದಿ ದೂರದಿಂದ. ಊರಿನ ಜನ ಇದ್ದಾರೆ, ಆದ್ರೆ ಚಿತ್ರದ ಅಂಚಲ್ಲಿ.

ಕಾರ್ಡಿನ ವಯಸ್ಸು ಕಂಡುಹಿಡಿಯೋದು ಬೇಗ ಹೇಳಿ ಮುಗಿಸ್ತೀನಿ, ಇದರ ಬಗ್ಗೆ ಮಾಹಿತಿ ಬೇಕಾದಷ್ಟು ಸಿಗುತ್ತೆ. ಹಿಂಭಾಗ ಇಬ್ಭಾಗ ಆಗಿದೆಯಾ ನೋಡಿ, ಬ್ರಿಟನ್ 1902ರಲ್ಲೇ ಅದಕ್ಕೆ ಒಪ್ಪಿತ್ತು, ಅಮೆರಿಕ 1907ರಲ್ಲಿ, ಹಂಗಾಗಿ 1906ರ ಚಿತ್ರ ಇರೋ ಅಮೆರಿಕನ್ ಕಾರ್ಡಿನ ಹಿಂದೆ ನಡುಗೆರೆ ಇದ್ರೆ ಅದು ದುರಂತ ಆಗಿ ಎಷ್ಟೋ ತಿಂಗಳಾದ ಮೇಲೆ ಅಚ್ಚಾಗಿದ್ದು ಅಂತ ತಿಳ್ಕೊಳ್ಳಬಹುದು. ರಿಯಲ್ ಫೋಟೋ ಆದ್ರೆ ಹಿಂದುಗಡೆ ಸ್ಟಾಂಪ್ ಅಂಟಿಸೋ ಚೌಕ ನೋಡಿ, ಏಜೋ ಅನ್ನೋ ಬ್ರಾಂಡಿನ ಫೋಟೋ ಪೇಪರಲ್ಲಿ ಅದರ ಮೂಲೆಗಳ ನಾಲ್ಕೂ ತ್ರಿಕೋನ ಮೇಲ್ಮುಖ ಇದ್ರೆ ಸುಮಾರಾಗಿ 1904ರಿಂದ 1918, ಎರಡು ಮೇಲೆ ಎರಡು ಕೆಳಗೆ ಇದ್ರೆ 1918ರಿಂದ 1930ರವರೆಗೆ. ಪೋಸ್ಟ್‌ಮಾರ್ಕ್ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ, ದುರಂತ ಆದ ವಾರದ ಮುದ್ರೆ ಇರೋ ಕಾರ್ಡು ಅಂದ್ರೆ ಆ ಊರಿನಿಂದ ಹೊರಟ ಸುದ್ದಿಯೇ ಕೈಲಿದ್ದ ಹಾಗೆ.

ರೀಪ್ರಿಂಟ್ ಕಾಟ ಇದ್ದೇ ಇದೆ. ಭೂತಗನ್ನಡಿ ಹಿಡಿದಾಗ ಚುಕ್ಕಿ ಚುಕ್ಕಿ ಕಂಡ್ರೆ ಅದು ಅಚ್ಚು, ರಿಯಲ್ ಫೋಟೋದಲ್ಲಿ ಚುಕ್ಕಿ ಇರಲ್ಲ, ಕಪ್ಪಿನಿಂದ ಬಿಳುಪಿಗೆ ನುಣ್ಣಗೆ ಹೋಗುತ್ತೆ, ಹಳೇದಾದ್ರೆ ಕಪ್ಪು ಭಾಗಗಳಲ್ಲಿ ಓರೆಯಾಗಿ ಹಿಡಿದಾಗ ಬೆಳ್ಳಿ ಹೊಳಪು ಕಾಣುತ್ತೆ. ಅಲ್ಟ್ರಾವಯಲೆಟ್ ಟಾರ್ಚ್ ಹಾಕಿದಾಗ ಕಾಗದ ನೀಲಿಯಾಗಿ ಹೊಳೆದ್ರೆ ಅದಕ್ಕೆ ಬಿಳುಪು ಹೆಚ್ಚಿಸೋ ರಾಸಾಯನಿಕ ಸೇರಿದೆ, ಅಂಥ ಕಾಗದ ಹೆಚ್ಚಾಗಿ ಬಳಕೆಗೆ ಬಂದಿದ್ದು 1950ರ ಆಸುಪಾಸಿನ ನಂತರ, 1906ರ ಕಾರ್ಡು ಹಂಗೆ ಹೊಳೆಯೋಕೆ ಸಾಧ್ಯ ಇಲ್ಲ.

ಇಡೋದು ಹೆಂಗೆ ಅಂದ್ರೆ, ಪಿವಿಸಿ ಕವರ್ ಬೇಡವೇ ಬೇಡ, ಅದು ಕಾಲ ಕಳೆದಂಗೆ ಅಂಟಾಗಿ ಚಿತ್ರಾನ ಹಾಳು ಮಾಡುತ್ತೆ, ಪಾಲಿಯೆಸ್ಟರ್ ಕವರ್ ತಗೊಳ್ಳಿ, ಆಸಿಡ್ ಇಲ್ಲದ ಪೆಟ್ಟಿಗೇಲಿ ನಿಲ್ಲಿಸಿ ಇಡಿ, ಬಿಸಿಲು ತೇವ ಎರಡೂ ದೂರ. ಟೇಪ್ ಹಾಕ್ಬೇಡಿ. ಸ್ಟಾಂಪ್ ಕಿತ್ತು ಬೇರೆ ಆಲ್ಬಮ್ಮಿಗೆ ಹಾಕೋ ಆಸೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬಿಟ್ಟುಬಿಡಿ, ಸ್ಟಾಂಪ್ ಜೊತೆ ಮುದ್ರೇನೂ ಹೋಗುತ್ತೆ, ಮುದ್ರೆ ಜೊತೆ ದಿನಾಂಕ ಹೋಗುತ್ತೆ. ಸ್ಕ್ಯಾನ್ ಮಾಡೋವಾಗ ಎರಡೂ ಕಡೆ ಮಾಡಿ, ಎಷ್ಟೊಂದು ಜನ ಚಿತ್ರದ ಕಡೆ ಮಾತ್ರ ಸ್ಕ್ಯಾನ್ ಮಾಡಿ ಆನ್‌ಲೈನಿಗೆ ಹಾಕಿ ಹಿಂದುಗಡೇದನ್ನ ಲೋಕದಿಂದಲೇ ಅಳಿಸಿಬಿಡ್ತಾರೆ, ಅದು ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ.

ಈಚೀಚೆಗೆ ನಾನು ಇನ್ನೊಂದು ಬಗೆ ಕಾರ್ಡಿನ ಬೆನ್ನು ಬಿದ್ದಿದೀನಿ, ದುರಂತ ಆದ ಮೇಲೆ ಊರು ಏನು ಮಾಡ್ಕೊಂಡಿತು ಅನ್ನೋ ಕಾರ್ಡುಗಳು. ಗ್ಯಾಲ್ವೆಸ್ಟನ್‌ದು ಇದರಲ್ಲಿ ರಾಜ. 1900ರ ಸೆಪ್ಟೆಂಬರ್ 8ರ ಚಂಡಮಾರುತ ಅಲ್ಲಿ 6 ಸಾವಿರದಿಂದ 12 ಸಾವಿರದವರೆಗೆ ಅಂತ ಅಂದಾಜು ಮಾಡೋವಷ್ಟು ಜನರನ್ನ ತಗೊಂಡಿತು, ಅಮೆರಿಕದ ಚರಿತ್ರೇಲಿ ಅದಕ್ಕಿಂತ ಹೆಚ್ಚು ಜೀವ ತೆಗೆದ ಪ್ರಕೃತಿ ವಿಕೋಪ ಇನ್ನೊಂದಿಲ್ಲ. 1902ರಿಂದ 1904ರ ಹೊತ್ತಿಗೆ 17 ಅಡಿ ಎತ್ತರದ ಸಮುದ್ರಗೋಡೆ ಕಟ್ಟಿದ್ರು, ಆಮೇಲೆ 2000ಕ್ಕೂ ಹೆಚ್ಚು ಕಟ್ಟಡಗಳನ್ನ ಜ್ಯಾಕ್ ಕೊಟ್ಟು ಮೇಲೆತ್ತಿ ಕೆಳಗೆ ಸಮುದ್ರದ ಮರಳು ಪಂಪ್ ಮಾಡಿ ಊರನ್ನೇ ಎತ್ತರಿಸಿದ್ರು. ಆ ಗೋಡೆ ಕಾರ್ಡುಗಳು ತುಂಬಾ ಸಿಗ್ತವೆ, ಮೇಲೆ ಜನ ಸಂಜೆ ತಿರುಗಾಡ್ತಿರೋದು, ಕೆಳಗೆ ಅಲೆ, ಪ್ರವಾಸಿ ಕಾರ್ಡು ಅಂತ ಡೀಲರ್‌ಗಳು ಬೇರೆ ಡಬ್ಬೀಲಿ ಇಟ್ಟಿರ್ತಾರೆ. 1915ರಲ್ಲಿ ಮತ್ತೊಂದು ದೊಡ್ಡ ಚಂಡಮಾರುತ ಬಂದಾಗ ಆ ಗೋಡೆ ಊರನ್ನ ಕಾಯ್ತು. ಡೇಟನ್‌ನೋರೂ ಹಂಗೇ, ಐದು ಅಣೆಕಟ್ಟು ಕಟ್ಟಿ 1922ರಲ್ಲಿ ಮುಗಿಸಿದ್ರು, ಮಾಮೂಲಿ ದಿನಗಳಲ್ಲಿ ಅವುಗಳ ಹಿಂದೆ ನೀರು ನಿಲ್ಲಿಸಲ್ಲ, ಪ್ರವಾಹ ಬಂದಾಗ ಮಾತ್ರ ಹಿಡಿಯುತ್ತೆ. ಅಂಥ ಅಣೆಕಟ್ಟಿನ ಕಾರ್ಡಲ್ಲಿ ನೋಡೋಕೆ ಬರೀ ಹುಲ್ಲಿನ ದಿಬ್ಬ, ಯಾರಿಗೂ ಬೇಡ, ನಂಗೆ ಬೇಕು. 1913ರ ದೋಣಿ ಕಾರ್ಡುಗಳ ಪಕ್ಕದಲ್ಲೇ ಅದಕ್ಕೆ ಜಾಗ.

ಈಗ ಹುಡುಕ್ತಿರೋದು ಜಪಾನಿನ ಜ್ವಾಲಾಮುಖಿ ಸಕುರಾಜಿಮಾದ ಕಾರ್ಡು. 1914ರ ಜನವರಿ 12ಕ್ಕೆ ಶುರುವಾದ ಆ ಸ್ಫೋಟದಲ್ಲಿ ಲಾವಾ ಹರಿದು ಹರಿದು ಸಮುದ್ರಾನೇ ತುಂಬಿ ದ್ವೀಪ ಆಗಿದ್ದಿದ್ದು ಓಸುಮಿ ಪರ್ಯಾಯ ದ್ವೀಪಕ್ಕೆ ಅಂಟ್ಕೊಂಡಿತು, ಕುರೊಕಾಮಿ ಊರಿನ ದೇವಸ್ಥಾನದ ತೋರೀ ಬಾಗಿಲು ಬೂದೀಲಿ ಹೂತುಹೋಗಿ ಮೇಲಿನ ತುದಿ ಮಾತ್ರ ಉಳೀತು. ಎದುರಿನ ಕಾಗೋಶಿಮಾ ಊರಿನ ದಡದಿಂದ ತೆಗೆದ ಹೊಗೆ ಕಂಬದ ಕಾರ್ಡುಗಳು ನನ್ನ ಹತ್ರ ಇವೆ. ಬೇಕಾಗಿರೋದು ಆ ಕಡೆಯದು, ದ್ವೀಪ ನೆಲಕ್ಕೆ ಸೇರಿದ ಜಾಗ, ಮೊದಲು ದೋಣಿ ಹೋಗ್ತಿದ್ದ ಕಾಲುವೆಯ ಚಿತ್ರ ಒಂದು, ಲಾವಾ ತುಂಬಿದ ಮೇಲಿನದು ಒಂದು, ಸಾಧ್ಯ ಆದ್ರೆ ಎರಡಕ್ಕೂ ಹಿಂದೆ ಬರಹ ಇರ್ಬೇಕು.